ಭಾನುವಾರದ ಸವಾರಿಗೆ ಮೊದಲು ಬೂಟು ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6 ಗಂಟೆಯ ಕುದುರೆ ಸವಾರಿಗೆ ಬರುವವರೆಲ್ಲ ಶನಿವಾರ ಸಂಜೆಯೊಳಗೆ ನಿಮ್ಮ ಬೂಟು, ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು), ಹೆಲ್ಮೆಟ್ ಒಮ್ಮೆ ನೋಡಿಕೊಳ್ಳಿ. ಕಳೆದ ಸಲ ನನ್ನ ಬೂಟಿನ ಅಟ್ಟೆಯೇ ಅರ್ಧ ದಾರಿಯಲ್ಲಿ ಬಾಯಿ ಬಿಟ್ಟಿತ್ತು, ಕೊಂಡು ಆರು ತಿಂಗಳೂ ಆಗಿರಲಿಲ್ಲ. ನಗಬೇಡಿ!

ಮೊದಲು ಬೂಟಿನ ಹಿಮ್ಮಡಿ. ಸುಮಾರು 2.5 ಸೆಂ.ಮೀ. ಎತ್ತರ ಇರಲಿ, ಇಲ್ಲದಿದ್ದರೆ ಕಾಲು ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಪಾದ ಇಡುವ ಬಳೆ) ಜಾರಿ ಸಿಕ್ಕಿಕೊಳ್ಳಬಹುದು. ಆಮೇಲೆ ಒಳಗಾಲಿನ ಹೊಲಿಗೆ, ಜಿಪ್ಪು. ಬ್ರೀಚಸ್‌ನಲ್ಲೂ ಅಷ್ಟೇ, ಜೀನಿಗೆ ಉಜ್ಜಿ ಸವೆಯುವುದು ಮೊಣಕಾಲಿನ ಒಳಬದಿಯೇ. ಕುದುರೆಯ ಬೆವರು, ಲಾಯದ ಗಂಜಲ ಬೂಟಿನ ಹೊಲಿಗೆಯನ್ನು ನಿಧಾನಕ್ಕೆ ತಿನ್ನುತ್ತವೆ, ಹಾಗಾಗಿ ಇಳಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ನೆನೆದ ಚರ್ಮವನ್ನು ಬಿಸಿಲಿಗೋ ಹೀಟರ್ ಮುಂದೆಯೋ ಇಡಬೇಡಿ, ಬಿರುಕು ಬಿಡುತ್ತದೆ. ನೆರಳಲ್ಲೇ ಒಣಗಲಿ.

ಹೊಸ ಬೂಟು ಕೊಳ್ಳುವವರು ಹೊಳಪು ನೋಡಿ ಮರುಳಾಗಬೇಡಿ, ಸ್ವಲ್ಪ ಮಡಿಸಿ ನೋಡಿ. ಮೇಲಿನ ಪದರ ಬಿರಿದರೆ ಸುಮ್ನೆ ಬಿಟ್ಟುಬಿಡಿ. ಹೆಲ್ಮೆಟ್‌ಗೆ ಜೋರಾಗಿ ಪೆಟ್ಟು ಬಿದ್ದಿದ್ದರೆ ಹೊರಗೆ ಏನೂ ಕಾಣದಿದ್ದರೂ ಬದಲಾಯಿಸಿ.

ನೋಡಿ ಮುಗಿಸಿದವರು ‘ಸರಿ ಇದೆ’ ಅಂತ ಇಲ್ಲೇ ಹಾಕಿ. ಅನುಮಾನ ಇದ್ದರೆ ಫೋಟೋ ಕಳಿಸಿ. ಇನ್ನೊಂದು ಜೋಡಿ ಬೂಟು ಇರುವವರು ಸೈಜ್ ತಿಳಿಸಿ, ಯಾರಿಗಾದರೂ ಆಗುತ್ತದೆ ಅಲ್ವಾ.