ತಪ್ಪು ಹಲ್ಲಿನ ಸ್ಪ್ರಾಕೆಟ್ ಹಾಗೂ ಓ-ರಿಂಗ್ ಇಲ್ಲದ ಚೈನ್ ಪೂರೈಸಿದ ಬಗ್ಗೆ ದೂರು

ಶಿವಮೊಗ್ಗ
ದಿನಾಂಕ: 18-08-2024

ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೆ,

ಕಳೆದ ಜೂನ್ 3ರಂದು ತಮ್ಮ ಜಾಲತಾಣದ ಮೂಲಕ ನನ್ನ 150 ಸಿಸಿ ಬೈಕಿಗೆ 2,950 ರೂಪಾಯಿಯ ಚೈನ್ ಸೆಟ್ ಒಂದನ್ನು ತರಿಸಿಕೊಂಡು, ತಾವೇ ಸೂಚಿಸಿದ ಸರ್ವಿಸ್ ಸೆಂಟರಿನಲ್ಲಿ 350 ರೂಪಾಯಿ ಕೂಲಿ ಕೊಟ್ಟು ಹಾಕಿಸಿದೆ. ನಾನು ಕೇಳಿದ ವಸ್ತುವನ್ನು ತಾವು ಕಳಿಸಿಲ್ಲ. ಕಳಿಸಿದ್ದನ್ನಾದರೂ ಸರಿಯಾಗಿ ಜೋಡಿಸಿಲ್ಲ.

ಈ ಖರೀದಿಯನ್ನು ನಾನು ಅವಸರದಲ್ಲಿ ಮಾಡಲಿಲ್ಲ. ಹಳೆಯ ಸೆಟ್ 24,000 ಕಿ.ಮೀ. ಓಡಿತ್ತು, ಹಿಂಬದಿಯ ಸ್ಪ್ರಾಕೆಟ್ಟಿನ (ಚೈನ್ ಓಡುವ ಹಲ್ಲಿನ ಚಕ್ರದ) ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಕೂರಿಸಿದರೆ ಅದೂ ಬೇಗ ಹಾಳಾಗುತ್ತದೆ ಎಂಬುದು ತಿಳಿದಿದ್ದರಿಂದ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಲು ನಿರ್ಧರಿಸಿದೆ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು ಎಂದು ಕೈಯಾರೆ ಎಣಿಸಿ, ಚೈನಿನ ಮೇಲಿದ್ದ 428 ಎಂಬ ಗುರುತನ್ನೂ ನೋಡಿಕೊಂಡು, ಇವೆಲ್ಲವನ್ನೂ ಬರೆದು ತಮ್ಮ ವಿಭಾಗಕ್ಕೆ ಇ-ಮೇಲ್ ಕಳಿಸಿದ್ದೆ. ನಾನು ಪ್ರತಿದಿನ ಮಂಡಗದ್ದೆಗೆ ಹೋಗಿಬರುವವನು. ಮಲೆನಾಡಿನ ಮಳೆಯಲ್ಲಿ ಸಾಧಾರಣ ಚೈನಿಗೆ ಹಾಕಿದ ಎಣ್ಣೆ ನಿಲ್ಲುವುದಿಲ್ಲವಾದ್ದರಿಂದ, ಪಿನ್ನುಗಳ ಸುತ್ತ ಗ್ರೀಸನ್ನು ಹಿಡಿದಿಡುವ ಓ-ರಿಂಗ್ ಚೈನೇ ಬೇಕೆಂದೂ ಅದರಲ್ಲಿ ಸ್ಪಷ್ಟವಾಗಿ ತಿಳಿಸಿದ್ದೆ. ಅದಕ್ಕೆ ಬಂದ ಉತ್ತರ, ಈ ಸೆಟ್ ನಿಮ್ಮ ಮಾಡೆಲ್ಲಿಗೆ ಸರಿಹೊಂದುತ್ತದೆ ಎಂಬ ಒಂದೇ ಸಾಲು.

ಬಂದ ಚೈನ್ 428 ಅಳತೆಯದೇ. ಅಂದರೆ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಅಳತೆ ಕೂಡಿಬಂದುದರಿಂದಲೇ ಉಳಿದ ವ್ಯತ್ಯಾಸ ಯಾರ ಗಮನಕ್ಕೂ ಬರಲಿಲ್ಲ. ಹಾಕಿಸಿದ ಮೊದಲ ವಾರದಲ್ಲೇ ಇಂಜಿನ್ನಿನ ಸದ್ದು ಬದಲಾಗಿತ್ತು; ಟಾಪ್ ಗೇರಿನಲ್ಲಿ ಮೊದಲು 5,000 ಆರ್‌ಪಿಎಂ ಇರುತ್ತಿದ್ದ ವೇಗಕ್ಕೆ ಈಗ ಸುಮಾರು 5,400 ಬೇಕಾಗುತ್ತಿತ್ತು, ಲೀಟರಿಗೆ 48 ಕಿ.ಮೀ. ಇದ್ದ ಮೈಲೇಜ್ 44ಕ್ಕೆ ಇಳಿಯಿತು. ಕವರ್ ಬಿಚ್ಚಿಸಿ ಎಣಿಸಿದಾಗ ಮುಂದಿನ ಸ್ಪ್ರಾಕೆಟ್ಟಿಗೆ ಇದ್ದದ್ದು 13 ಹಲ್ಲು. ಒಂದೇ ಹಲ್ಲಿನ ವ್ಯತ್ಯಾಸವೆಂದು ಸರ್ವಿಸ್ ಸೆಂಟರಿನವರು ಹಗುರವಾಗಿ ಹೇಳಿದರು. ಆದರೆ 42ನ್ನು 14ರಿಂದ ಭಾಗಿಸಿದರೆ 3 ಬರುತ್ತದೆ, 13ರಿಂದ ಭಾಗಿಸಿದರೆ 3.23; ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಮುಂದಿನ ಸ್ಪ್ರಾಕೆಟ್ ಅಷ್ಟು ಸುತ್ತು ತಿರುಗಬೇಕು. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದು ಹಿಂದೆ ಸುಮಾರು ಮೂರು ಹಲ್ಲು ಹೆಚ್ಚಿಸಿದಷ್ಟೇ ಪರಿಣಾಮ ಬೀರುತ್ತದೆ. ಪಿಕಪ್ ಹೆಚ್ಚಲೆಂದು ಬೇಕೆಂದೇ ಹೀಗೆ ಬದಲಾಯಿಸಿಕೊಳ್ಳುವ ಸವಾರರಿದ್ದಾರೆ, ಘಟ್ಟದ ದಾರಿಯಲ್ಲಿ ಅದರಿಂದ ಅನುಕೂಲವೂ ಉಂಟು. ಅದು ಗಾಡಿಯ ಮಾಲೀಕ ತಿಳಿದು ಮಾಡಬೇಕಾದ ಆಯ್ಕೆಯೇ ಹೊರತು, ಅವನಿಗೆ ಹೇಳದೆ ಬೇರೊಬ್ಬರು ಮಾಡುವಂಥದ್ದಲ್ಲ.

ಚೈನಿನಲ್ಲಿ ಒಳಪಟ್ಟಿ ಮತ್ತು ಹೊರಪಟ್ಟಿಗಳ ನಡುವೆ ಕಾಣಬೇಕಾದ ರಬ್ಬರ್ ಉಂಗುರಗಳು ಒಂದೂ ಇಲ್ಲ. ಬಿಲ್ಲಿನಲ್ಲಿ ಮಾತ್ರ ಓ-ರಿಂಗ್ ಎಂದೇ ಬರೆದಿದೆ, ಹಣವನ್ನೂ ಅದಕ್ಕೇ ಪಡೆಯಲಾಗಿದೆ. ಎರಡೇ ತಿಂಗಳಲ್ಲಿ ಎರಡು ಬಾರಿ ಚೈನ್ ಬಿಗಿ ಮಾಡಿಸಬೇಕಾಯಿತು. ಹೊಸತರಲ್ಲಿ 20 ಕೊಂಡಿಗಳ ಉದ್ದ 254 ಮಿ.ಮೀ. ಇರಬೇಕು, ನಾನು ಅಳೆದಾಗ 257 ಇತ್ತು, ಅಂದರೆ ಚೈನ್ ಆಗಲೇ ಸವೆದು ಉದ್ದವಾಗಿತ್ತು.

ಇವುಗಳೆಲ್ಲಕ್ಕಿಂತ ಗಂಭೀರವಾದದ್ದು ಆಗಸ್ಟ್ 9ರಂದು ನಡೆದದ್ದು. ಮಗಳನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದಾಗ ಸಕ್ರೆಬೈಲಿನ ಬಳಿ ಹಿಂದಿನಿಂದ ಕಟಕಟ ಸದ್ದು ಕೇಳಿ ಗಾಡಿ ನಿಲ್ಲಿಸಿದೆ. ಚೈನಿನ ಎರಡು ತುದಿಗಳನ್ನು ಕೂಡಿಸುವ ಲಾಕಿನ ಕ್ಲಿಪ್ ಕಳಚಿ ಬಿದ್ದುಹೋಗಿತ್ತು, ಹೊರಪಟ್ಟಿ ಪಿನ್ನಿನಿಂದ ಅರ್ಧ ಜಾರಿತ್ತು. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಜೋಡಿಸಿದ ದಿನ ನಾನು ತೆಗೆದುಕೊಂಡ ಫೋಟೋದಲ್ಲಿ ಅದು ತಿರುವುಮುರುವಾಗಿರುವುದು ಕಾಣುತ್ತದೆ. ಆ ಹೊತ್ತಿಗೆ ನಾನು ಅದನ್ನು ಗಮನಿಸಲಿಲ್ಲ, ಹಣ ಪಡೆದು ಕೆಲಸ ಮಾಡಿದವರಂತೂ ಗಮನಿಸಬೇಕಿತ್ತು. ಓಡುವ ಗಾಡಿಯಲ್ಲಿ ಚೈನ್ ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಹಿಡಿದುಬಿಡಬಹುದು, ಇಂಜಿನ್ನಿನ ಕೇಸ್ ಒಡೆಯಬಹುದು. ಅಂದು ರಸ್ತೆ ಒದ್ದೆಯಾಗಿತ್ತು, ನಮ್ಮ ಹಿಂದೆಯೇ ಬಸ್ಸೊಂದು ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ನನಗೆ ನಡುಕ ಬರುತ್ತದೆ.

ಆದ್ದರಿಂದ ತಾವು ಈ ಸೆಟ್ಟನ್ನು ಹಿಂಪಡೆದು, 14 ಮತ್ತು 42 ಹಲ್ಲಿನ ಸ್ಪ್ರಾಕೆಟ್‌ಗಳನ್ನೂ ನಿಜವಾದ ಓ-ರಿಂಗ್ ಚೈನನ್ನೂ ತಮ್ಮ ಖರ್ಚಿನಲ್ಲೇ ಕಳಿಸಬೇಕು. ಅದಾಗದಿದ್ದರೆ ಕೂಲಿಯೂ ಸೇರಿ 3,300 ರೂಪಾಯಿಯನ್ನು ಮರಳಿಸಬೇಕು. ಪೆಟ್ಟಿಗೆಯ ಮೇಲೆ ಗಾಡಿಯ ಹೆಸರಷ್ಟೇ ಇದ್ದು, ಹಲ್ಲುಗಳ ಸಂಖ್ಯೆಯಾಗಲಿ ಕೊಂಡಿಗಳ ಸಂಖ್ಯೆಯಾಗಲಿ ಚೈನಿನ ಬಗೆಯಾಗಲಿ ಎಲ್ಲಿಯೂ ಇಲ್ಲ. ಅವನ್ನು ಮುದ್ರಿಸಿದ್ದರೆ ನಾನು ಅಂಗಳದಲ್ಲೇ ತಪ್ಪನ್ನು ಗುರುತಿಸಿ ಸೆಟ್ಟನ್ನು ವಾಪಸು ಕಳಿಸುತ್ತಿದ್ದೆ. ಇನ್ನು ಮುಂದೆಯಾದರೂ ಅವನ್ನು ಮುದ್ರಿಸಬೇಕು, ಹಾಗೂ ಇದೇ ಸೆಟ್ಟನ್ನು ಇದೇ ಮಾಡೆಲ್ಲಿಗೆ ಕೊಂಡ ಇತರರಿಗೂ ವಿಷಯ ತಿಳಿಸಬೇಕು ಎಂದು ಕೋರುತ್ತೇನೆ.

ಬಿಲ್ಲು, ಇ-ಮೇಲ್ ಮತ್ತು ಫೋಟೋಗಳ ಪ್ರತಿಗಳನ್ನು ಈ ಪತ್ರದೊಂದಿಗೆ ಇರಿಸಿದ್ದೇನೆ. ಕಳಚಿ ತೆಗೆದ ಚೈನ್ ಮತ್ತು ಸ್ಪ್ರಾಕೆಟ್‌ಗಳು ನನ್ನ ಬಳಿಯೇ ಇವೆ. ತಮ್ಮ ಪ್ರತಿನಿಧಿ ಬಂದು ಪರಿಶೀಲಿಸಬಹುದು. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ
(ಸಹಿ)