ಗಿಮ್ಲಿ ಹೆಸರಿನ ಕಥೆಯಲ್ಲಿ ಬೆಟ್ಸಿ ರಾಮ್ಸೆಯೂ ಇರಲಿ

ಗಿಮ್ಲಿಯ ಮೇಯರ್ ಅವರಿಗೆ,

ನಮಸ್ಕಾರ.

ನಾನು ಕೆನಡಾದ ವಿನ್ನಿಪೆಗ್‌ನಲ್ಲಿ ನೆಲೆಸಿರುವ ಕನ್ನಡತಿ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುವುದಕ್ಕೆ ಕಾರಣ ಇದೆ. ಬೇಸಿಗೆ ಬಂತೆಂದರೆ ನಮ್ಮವರು ಮನೆಮಂದಿಯೆಲ್ಲ ಕಾರು ಹತ್ತಿ ನಿಮ್ಮ ಊರಿಗೆ ಬರುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆತರುತ್ತಾರೆ. ಕಡಲಿನ ಹಾಗೆ ಹರಡಿದ ವಿನ್ನಿಪೆಗ್ ಸರೋವರ ನೋಡುತ್ತಾರೆ, ವೈಕಿಂಗ್ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಇದಕ್ಕೆ ಗಿಮ್ಲಿ ಅಂತ ಹೆಸರು ಯಾಕೆ ಬಂತು ಎಂದು ಕೇಳಿದರೆ ಅರ್ಧ ಕಥೆ ಹೇಳುತ್ತಾರೆ. ಇನ್ನರ್ಧ ಇಲ್ಲಿ ಮೊದಲೇ ಇದ್ದ ಮೂಲನಿವಾಸಿಗಳದ್ದು, ಅವರಲ್ಲೊಬ್ಬಳಾದ ಬೆಟ್ಸಿ ರಾಮ್ಸೆಯದ್ದು. ಅದನ್ನೂ ನಿಮ್ಮ ಬಂದರಿನ ಹತ್ತಿರವೇ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹೇಳಿ ಎಂದು ಕೇಳುವುದಕ್ಕೆ ಈ ಪತ್ರ.

ಎಲ್ಲರೂ ಹೇಳುವ ಅರ್ಧ ತುಂಬಾ ಚೆನ್ನಾಗಿದೆ. ಉತ್ತರ ಯೂರೋಪಿನ ಹಳೆಯ ಪುರಾಣದಲ್ಲಿ ದೇವತೆಗಳ ಲೋಕ ಯುದ್ಧದಲ್ಲಿ, ಬೆಂಕಿಯಲ್ಲಿ ನಾಶವಾಗುತ್ತದೆ. ಅದಾದ ಮೇಲೆ ಒಳ್ಳೆಯವರು ಸುಖವಾಗಿ ಬಾಳುವ ಮನೆಯೇ ಗಿಮ್ಲಿ. ಅದಕ್ಕೆ ಚಿನ್ನದ ಚಾವಣಿ. ಸೂರ್ಯನಿಗಿಂತ ಜಾಸ್ತಿ ಹೊಳಪು. ಐಸ್‌ಲ್ಯಾಂಡಿನಿಂದ ಬಂದ ಬಡವರು ಹಿಮ ಬೀಳುವ ಹೊತ್ತಿಗೆ ಈ ದಡದಲ್ಲಿಳಿದು, ಅವಸರದಲ್ಲಿ ಕಟ್ಟಿಕೊಂಡ ಮರದ ಗುಡಿಸಲುಗಳಿಗೆ ಆ ಹೆಸರಿಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅವರು ನೇರವಾಗಿ ಜ್ವಾಲಾಮುಖಿಯ ಬೂದಿಯಿಂದ ಓಡಿ ಬಂದವರು ಎಂದು ಬಹಳ ಜನ ಹೇಳುತ್ತಾರೆ. ಆದರೆ ಐಸ್‌ಲ್ಯಾಂಡಿನ ಆಸ್ಕ್ಯಾ ಪರ್ವತ ಸಿಡಿದದ್ದು 1875ರ ಮಾರ್ಚ್‌ನಲ್ಲಿ. ಮೊದಲ ತಂಡದ ಹೆಚ್ಚಿನವರು ಅಷ್ಟರಲ್ಲಾಗಲೇ ಕೆನಡಾದಲ್ಲಿದ್ದರು. ಒಂಟಾರಿಯೋದ ಕಿನ್‌ಮೌಂಟ್‌ನಲ್ಲಿ ರೈಲು ಹಳಿಯ ಕೂಲಿ ಮಾಡಿ, ಅಲ್ಲಿ ಕಾಯಿಲೆಗೆ ಎಷ್ಟೋ ಮಕ್ಕಳನ್ನು ಕಳೆದುಕೊಂಡು, ಬೇರೆ ಜಾಗ ಹುಡುಕುತ್ತಿದ್ದವರು ಅವರು. ಬೂದಿ ಬಿದ್ದು ಹುಲ್ಲುಗಾವಲು ಹಾಳಾಗಿ ಹೊರಟವರಲ್ಲಿ ಹೆಚ್ಚಿನವರು ಬಂದಿದ್ದು ಮರುವರ್ಷ. ಆ ಗುಂಪಿನಲ್ಲಿ ಸಾವಿರಕ್ಕೂ ಜಾಸ್ತಿ ಜನರಿದ್ದರು.

ಇನ್ನೊಂದು ಮಾತು. ಮೊದಲ ತಂಡ ಹೊರಟಿದ್ದು ಇಲ್ಲಿಗಲ್ಲ, ಇನ್ನೂ ಉತ್ತರದ ನದಿಯ ದಡಕ್ಕೆ, ಈಗಿನ ರಿವರ್ಟನ್ ಕಡೆಗೆ. ಅವರ ಚಪ್ಪಟೆ ದೋಣಿಗಳನ್ನು ಎಳೆದು ತಂದ ಕಾಲ್ವಿಲ್ ಎಂಬ ಉಗಿ ಹಡಗು 1875ರ ಅಕ್ಟೋಬರ್ 21ರಂದು ಅವರನ್ನು ಗಿಮ್ಲಿಯ ಪಕ್ಕದ ವಿಲ್ಲೋ ಪಾಯಿಂಟ್‌ನಲ್ಲೇ ಬಿಟ್ಟುಹೋಯಿತು. ಚಳಿಗಾಲ ತಲೆ ಮೇಲೆ ಬಂದಿತ್ತು. ಮುಂದೆ ಹೋಗುವ ಹಾಗಿರಲಿಲ್ಲ. ಗಿಮ್ಲಿ ಹುಟ್ಟಿದ್ದು ಹೀಗೆ. ಮಂಜುಗಡ್ಡೆಯ ಕೆಳಗೆ ಬಲೆ ಹಾಕಿ ಮೀನು ಹಿಡಿಯುವುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು.

ಅಂಥ ಸ್ಥಿತಿಯಲ್ಲೂ ಅವರು 1877ರಲ್ಲಿ ‘ಫ್ರಾಮ್‌ಫಾರಿ’ ಎಂಬ ಪತ್ರಿಕೆ ಶುರುಮಾಡಿದರು. ಅಚ್ಚಾಗಿದ್ದು ಐಸ್‌ಲ್ಯಾಂಡಿಕ್ ಭಾಷೆಯಲ್ಲೇ, ಈ ಕಾಡಿನ ನಡುವೆಯೇ. ಅದೇ ವರ್ಷ ಇಲ್ಲಿಗೆ ಬಂದ ಗವರ್ನರ್ ಜನರಲ್ ಲಾರ್ಡ್ ಡಫರಿನ್, ತಾನು ಹೊಕ್ಕ ಒಂದೊಂದು ಗುಡಿಸಲಲ್ಲೂ ಇಪ್ಪತ್ತು ಮೂವತ್ತು ಪುಸ್ತಕ ಇದ್ದವು ಎಂದು ಹೇಳಿದ. ಹೊರದೇಶದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುವ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಧೈರ್ಯ ಕೊಡುತ್ತದೆ ಅನ್ನುವುದು ನಿಮಗೆ ಗೊತ್ತಾಗಲಿ. ಆಗಸ್ಟ್‌ನಲ್ಲಿ ನೀವು ನಡೆಸುವ ಐಸ್‌ಲ್ಯಾಂಡಿಕ್ ಹಬ್ಬ 1890ರಲ್ಲಿ ವಿನ್ನಿಪೆಗ್‌ನಲ್ಲಿ ಶುರುವಾಗಿ 1932ರಲ್ಲಿ ಗಿಮ್ಲಿಗೆ ಬಂತು. ಇವತ್ತಿಗೂ ಅದು ನಡೆಯುತ್ತಿದೆ. ನಾನು ಅದರ ಅಭಿಮಾನಿ. ಆದ್ದರಿಂದಲೇ ಮುಂದಿನ ಮಾತನ್ನು ಹೇಳುವ ಸಲಿಗೆ ತೆಗೆದುಕೊಳ್ಳುತ್ತಿದ್ದೇನೆ.

ಈ ದಡ ಖಾಲಿ ಇರಲಿಲ್ಲ. ಉತ್ತರಕ್ಕೆ ಸ್ಯಾಂಡಿ ಬಾರ್‌ನಲ್ಲಿ ಮೂಲನಿವಾಸಿಗಳ ಊರು ಇತ್ತು. ಓಜಿಬ್ವೆ, ಕ್ರೀ ಮೂಲದ ಜನ. ಮೀನು, ಬೇಟೆ, ತೋಟ ಎಲ್ಲವೂ ಇದ್ದ ಬದುಕು. ಐಸ್‌ಲ್ಯಾಂಡಿನವರು ಹುಡುಕಿ ಹೊರಟಿದ್ದ ಆ ನದಿಯ ದಡವನ್ನು ಇವರೂ ತಮಗೆ ಬೇಕೆಂದು ಕೇಳಿದ್ದರು. ಸಿಗಲಿಲ್ಲ. ಒಟ್ಟಾವಾ ಸರ್ಕಾರ ಪಶ್ಚಿಮ ದಡದ ಉದ್ದಕ್ಕೂ ಭೂಮಿಯನ್ನು ಹೊಸಬರಿಗೆ ಕಾಯ್ದಿರಿಸಿತು.

1876ರಲ್ಲಿ ಸಿಡುಬು ಬಂತು. ಸುಮಾರು ನೂರು ಮಂದಿ ಐಸ್‌ಲ್ಯಾಂಡಿನವರು ಸತ್ತರು, ಅದರಲ್ಲಿ ಎಳೆಯರೇ ಜಾಸ್ತಿ. ಮುಂದಿನ ವರ್ಷದ ಬೇಸಿಗೆವರೆಗೆ ಇಡೀ ವಲಸೆ ಪ್ರದೇಶವನ್ನು ಕ್ವಾರಂಟೈನ್‌ನಲ್ಲಿಟ್ಟರು. ಸ್ಯಾಂಡಿ ಬಾರ್ ಊರಂತೂ ಮತ್ತೆ ಏಳಲೇ ಇಲ್ಲ. ಜನ ಸತ್ತರು, ಸೋಂಕು ಹೋಗಲೆಂದು ಅವರ ಮನೆಗಳಿಗೆ ಬೆಂಕಿ ಇಟ್ಟರು, ಬದುಕಿದವರು ಚದುರಿದರು.

ಅವರಲ್ಲೊಬ್ಬ ಜಾನ್ ರಾಮ್ಸೆ. ತನ್ನ ಜಾಗ ಹೋಯಿತೆಂದು ಹೊಸಬರನ್ನು ಎದುರಿಸಿ ನಿಂತವನು. ಆಮೇಲೆ ಅದೇ ಹೊಸಬರಿಗೆ ಮಾಂಸ ಒದಗಿಸಿ ನೆರವಾದವನೂ ಅವನೇ. ಸಿಡುಬಿನಲ್ಲಿ ಹೆಂಡತಿ ಬೆಟ್ಸಿ ತೀರಿಕೊಂಡಳು. ಮಕ್ಕಳಲ್ಲೂ ಕೆಲವರು ಹೋದರು. ರಾಮ್ಸೆ ದಕ್ಷಿಣದ ಲೋಯರ್ ಫೋರ್ಟ್ ಗ್ಯಾರಿಯಿಂದ ಅಮೃತಶಿಲೆಯ ಸಮಾಧಿ ಕಲ್ಲು ತಂದು ಅವಳಿಗಾಗಿ ನೆಟ್ಟ. ಸುತ್ತ ಮರದ ಬೇಲಿ ಹಾಕಿದ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಟ್ರೌಸ್ಟಿ ವಿಗ್ಫುಸ್ಸನ್ ಎಂಬ ಐಸ್‌ಲ್ಯಾಂಡ್ ಮೂಲದ ಬಡಗಿಯ ಕನಸಿನಲ್ಲಿ ಬಂದು, ಹೆಂಡತಿಯ ಸಮಾಧಿಯ ಬೇಲಿ ಸರಿಮಾಡು ಎಂದು ಕೇಳಿದನಂತೆ. ಬಡಗಿ ಹೋಗಿ ಸರಿಮಾಡಿದ. ರಿವರ್ಟನ್ ಕಡೆಯ ಹಿರಿಯರು ಹೇಳಿಕೊಂಡು ಬಂದಿರುವ ಕಥೆ ಇದು.

ನಿಮ್ಮೂರಿನ ಕಥೆಯ ಜೀವ ನನಗೆ ಇಲ್ಲಿ ಕಾಣುತ್ತದೆ. ಮ್ಯೂಸಿಯಂ ಒಳಗೆ ಹೋಗಿ ಬಿಡುವಾಗಿ ಓದುವವರ ಮಾತು ಬೇರೆ. ದಡದಲ್ಲಿ ಐಸ್‌ಕ್ರೀಂ ತಿಂದು ಹೋಗುವ ಕುಟುಂಬಗಳು ಜಾಸ್ತಿ. ನಮ್ಮ ಮಕ್ಕಳೂ ಅವರಲ್ಲಿದ್ದಾರೆ. 1967ರಲ್ಲಿ ಐಸ್‌ಲ್ಯಾಂಡಿನ ಅಧ್ಯಕ್ಷರೇ ಬಂದು ಅನಾವರಣ ಮಾಡಿದ ಆ ವೈಕಿಂಗ್‌ನಷ್ಟೇ ಸುಲಭವಾಗಿ ಬೆಟ್ಸಿಯ ಹೆಸರೂ ಅವರಿಗೆ ಸಿಗಬೇಕು. ವೈಕಿಂಗ್ ಈ ಸರೋವರಕ್ಕೆ ಬಂದವನಲ್ಲ. ಬೆಟ್ಸಿ ಇಲ್ಲೇ ಬಾಳಿದವಳು.

ಹೀಗೆ ಮಾಡಿದರೆ ಐಸ್‌ಲ್ಯಾಂಡ್ ಮೂಲದ ಮನೆತನಗಳಿಗೆ ನೋವಾಗುತ್ತದೆ ಎಂದು ಯಾರಾದರೂ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಅವರೂ ಅದೇ ಕಾಯಿಲೆಗೆ ಮಕ್ಕಳನ್ನು ಮಣ್ಣು ಮಾಡಿದವರು. ಸಮಾಧಿಯ ಬೇಲಿ ಕಟ್ಟಿದವನೂ ಅವರವನೇ ಅಲ್ವಾ? ಭೂಮಿ ಹಂಚಿದ್ದು ಒಟ್ಟಾವಾದಲ್ಲಿ ಕೂತವರು. ನೂರು ವರ್ಷ ತಡವಾಗಿ ಬಂದ ನಾವೂ ಅದೇ ಹಂಚಿಕೆಯ ನೆಲದ ಮೇಲೆ ಮನೆ ಮಾಡಿದ್ದೇವೆ. ಇಲ್ಲಿ ಮೊದಲು ಯಾರಿದ್ದರು ಎಂದು ನಮ್ಮ ಮಕ್ಕಳಿಗೆ ಹೇಳುವ ಹೊಣೆ ನಮ್ಮ ಮೇಲೂ ಇದೆ.

ಬಂದರಿನ ಬಳಿ ಸ್ಯಾಂಡಿ ಬಾರ್ ಜನರ ಬಗ್ಗೆ ಒಂದು ಫಲಕ ಇರಲಿ. ಅದರ ಮಾತುಗಳನ್ನು ಅವರ ವಂಶದವರೇ ಬರೆಯಲಿ, ಅವರ ಭಾಷೆಗಳಲ್ಲೂ ಇರಲಿ. ಕಲ್ಲೋ ಮರವೋ ಎನ್ನುವುದನ್ನೂ ಅವರನ್ನೇ ಕೇಳಿ. ಬೆಟ್ಸಿಯ ಸಮಾಧಿ ಇರುವುದು ರಿವರ್ಟನ್ ಕಡೆ. ಅಲ್ಲಿನ ಆಡಳಿತದ ಜೊತೆ ಕೂತು ದಾರಿ ತೋರಿಸುವ ಬೋರ್ಡು ಹಾಕಿಸುವುದು ಕಷ್ಟದ ಕೆಲಸವಲ್ಲ. ಅಕ್ಟೋಬರ್ 21ರಂದು ವಲಸೆ ಬಂದವರನ್ನು ನೆನೆಯುವಾಗ ಬೆಟ್ಸಿ, ಜಾನ್ ರಾಮ್ಸೆ ಹೆಸರುಗಳನ್ನೂ ಗಟ್ಟಿಯಾಗಿ ಹೇಳಿ. ಕೌನ್ಸಿಲ್ ಈ ವಿಷಯವನ್ನು ಯಾವ ಸಭೆಯಲ್ಲಿ ಎತ್ತಿಕೊಳ್ಳುತ್ತದೆ ಎಂದು ತಿಳಿಸಿದರೆ ನಾನೂ, ಜೊತೆಗೆ ಬರುವ ಕನ್ನಡದ ಗೆಳೆಯರೂ ಬಂದು ಕೂರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ವಿನ್ನಿಪೆಗ್‌ನ ಒಬ್ಬ ಕನ್ನಡತಿ