ಸದ್ದಿಲ್ಲದ ನದಿಗೆ ಮೂರು ಟ್ರಾಂಬೋನ್

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಒಂದು ಕಾದಂಬರಿಯನ್ನು ಆಧರಿಸಿ ನಿನ್ನ ಕಾಲೇಜಿನ ಬ್ಯಾಂಡ್‌ಗೆಂದು ಬರೆದು ನೀನು ಕಳಿಸಿದ ಸ್ಕೋರ್, ಎಲ್ಲ ವಾದ್ಯಗಳ ಸ್ವರಲಿಪಿ, ಕೈಸೇರಿ ಹದಿನೈದು ದಿನಗಳಾದವು. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ. ‘ಬ್ಯಾಂಡ್‌ಗೆ ಬರೆಯುವುದು ನನ್ನಿಂದಾಗುವ ಕೆಲಸವಲ್ಲವೇನೋ’ ಎಂಬ ನಿನ್ನ ಪತ್ರದ ಕೊನೆಯ ಸಾಲು ಮೊದಲು ಸಿಟ್ಟು ತರಿಸಿ, ಆಮೇಲೆ ಮನಸ್ಸನ್ನು ಮಂಕಾಗಿಸಿತು. ಸಿಟ್ಟು ಇಳಿಯಲಿ ಎಂದು ಕಾದೆ. ನಿನ್ನ ಅಪ್ಪನೂ ನಾನೂ ಹುಡುಗರಾಗಿದ್ದಾಗ ದಸರೆಯ ದಿನಗಳಲ್ಲಿ ಮೈಸೂರಿನ ಪೊಲೀಸ್ ಬ್ಯಾಂಡಿನ ಹಿಂದೆ ನಡೆದು ಚಪ್ಪಲಿ ಸವೆಸಿದವರು. ಅವನು ಎಂಜಿನಿಯರಾಗಿ ಅಮೆರಿಕಕ್ಕೆ ಹೋದ, ನಾನು ಕ್ಲಾರಿನೆಟ್ ಹಿಡಿದುಕೊಂಡು ನೆದರ್ಲೆಂಡ್ಸಿನ ಲಿಂಬುರ್ಗ್ ಸೀಮೆಯ ಈ ಹಳ್ಳಿಗೆ ಬಂದೆ. ಆ ಹಳೆಯ ಸಲುಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ; ಒರಟಾಗಿ ಕಂಡರೆ ಅಪ್ಪನಿಗೆ ತೋರಿಸು, ಅವನು ನಗುತ್ತಾನೆ.

ನೀನು ಕೇಳಿರುವ ಹನ್ನೊಂದು ಪ್ರಶ್ನೆಗಳಲ್ಲಿ ಹತ್ತಕ್ಕೆ ನಾನು ಉತ್ತರಿಸುವುದಿಲ್ಲ. ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಒಂದು ಪೂರ್ಣ ಸ್ವರ ಮೇಲೆ ಬರೆಯುವುದು, ಒಬೋ ನುಡಿಸುವವರು ಬಾರದ ದಿನ ಆ ಸಾಲನ್ನು ಯಾರಿಗೆ ಒಪ್ಪಿಸುವುದು, ಟ್ರಂಪೆಟ್‌ನವರ ತುಟಿ ಎಷ್ಟು ಹೊತ್ತಿಗೆ ಸೋಲುತ್ತದೆ ಎಂಬುದನ್ನೆಲ್ಲ ಯಾವ ಪಠ್ಯಪುಸ್ತಕವಾದರೂ ಹೇಳಿಕೊಡುತ್ತದೆ. ಪುಸ್ತಕ ಮರೆತರೆ ನಿನ್ನ ಕಾಲೇಜಿನ ಮೂರನೆಯ ಕ್ಲಾರಿನೆಟ್‌ನ ಹುಡುಗ ಮೊದಲ ರಿಹರ್ಸಲ್‌ನಲ್ಲೇ ಮುಖ ಸಿಂಡರಿಸಿ ಹೇಳುತ್ತಾನೆ. ಉಳಿದ ಒಂದು ಪ್ರಶ್ನೆ, ಸ್ಕೋರ್ ಏಕೆ ಸಪ್ಪೆಯಾಗಿದೆ ಎಂಬುದು. ಅದಕ್ಕೆ ಉತ್ತರವಾಗಿ ನಾನೇ ಒಂದು ಮಾತು ಕೇಳಬೇಕಾಗಿದೆ. ಆ ಕಾದಂಬರಿಯನ್ನು ನೀನು ಎಷ್ಟು ಸಲ ಓದಿದ್ದೀಯ?

ಒಂದು ಸಲ ಓದಿ, ಅದರ ಧಾರಾವಾಹಿಯನ್ನು ಎರಡು ಸಲ ನೋಡಿದ್ದೀಯ ಎಂದು ನನ್ನ ಊಹೆ. ದುಷ್ಟರು ಬಂದಾಗಲೆಲ್ಲ ಟ್ರಾಂಬೋನ್, ಟ್ಯೂಬಾ, ಬಾಸ್ ಡ್ರಮ್ ಒಟ್ಟಿಗೆ ಗುಡುಗುತ್ತವೆ. ಮಾಯೆ ಎಂದರೆ ಗ್ಲಾಕೆನ್‌ಷ್ಪೀಲ್‌ನ ಲೋಹಪಟ್ಟಿಗಳ ಕಿಣಿಕಿಣಿ. ನಾಯಕಿ ಕುದುರೆ ಏರಿದಳೋ ಇಲ್ಲವೋ, ನಾಲ್ಕೂ ಹಾರ್ನ್‌ಗಳು ಒಂದೇ ಸಾಲು ಹಿಡಿದು ಓಡುತ್ತವೆ. ಇದೆಲ್ಲ ಪರದೆಯಿಂದ ಇಳಿದು ಬಂದ ಸಂಗೀತ. ಮುಖಪುಟದಲ್ಲಿ ಬೇರೆ ಯಾವ ಕಾದಂಬರಿಯ ಹೆಸರು ಬರೆದರೂ ಒಪ್ಪುತ್ತದೆ. ಏಳು ಭಾಗಗಳಿಗೆ ಏಳು ಅಧ್ಯಾಯಗಳ ಹೆಸರಿಟ್ಟು ಇಡೀ ಕಥೆಯನ್ನು ಹದಿನಾಲ್ಕು ನಿಮಿಷಕ್ಕೆ ತುರುಕಿದ್ದೀಯ. ಕಥೆ ಬೇಕಾದವರು ಪುಸ್ತಕ ಕೊಳ್ಳುತ್ತಾರೆ ಮಗಳೇ.

ಈ ನಾಡಿನ ಸಂಗೀತ ರಚನೆಕಾರ ಯೋಹಾನ್ ಡೆ ಮೇಯ್ ತಮ್ಮ ಮೊದಲ ಸಿಂಫನಿಯನ್ನು ಬರೆದದ್ದು 1984ರಿಂದ 1987ರವರೆಗೆ, ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿ. 1988ರ ಮಾರ್ಚ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಬೆಲ್ಜಿಯಂ ಸೇನೆಯ ಬ್ಯಾಂಡ್ ಅದನ್ನು ಮೊದಲು ನುಡಿಸಿತು, ಮರುವರ್ಷ ಅದಕ್ಕೆ ಬ್ಯಾಂಡ್ ಕೃತಿಗಳಿಗೆ ಕೊಡುವ ಸಡ್ಲರ್ ಬಹುಮಾನ ಬಂತು. ಬಹುಮಾನದ ಮಾತು ಅತ್ತ ಇರಲಿ. ಈಗ ಎಲ್ಲರ ಕಿವಿಯಲ್ಲಿ ಕೂತಿರುವ ಆ ಚಲನಚಿತ್ರಗಳ ಸಂಗೀತ ಆಗ ಹುಟ್ಟಿರಲೇ ಇಲ್ಲ, ಮೊದಲ ಚಿತ್ರ ಬಂದದ್ದು 2001ರಲ್ಲಿ. ಹೀಗಾಗಿ ಅವರು ಪುಟಗಳಿಗೇ ಕಿವಿಗೊಡಬೇಕಾಯಿತು. ಸಾವಿರಕ್ಕೂ ಹೆಚ್ಚು ಪುಟಗಳ ಕಾದಂಬರಿಯಿಂದ ಅವರು ಆರಿಸಿಕೊಂಡದ್ದು ಐದೇ ಭಾಗಗಳನ್ನು: ಒಬ್ಬ ಮಾಂತ್ರಿಕ, ಒಂದು ಕಾಡು, ಗೊಲಮ್ ಎಂಬ ದುರ್ದೈವಿ, ಕತ್ತಲಲ್ಲೊಂದು ಪ್ರಯಾಣ, ಕೊನೆಗೆ ಹಾಬಿಟ್‌ಗಳು. ನಾಲ್ಕನೆಯದನ್ನು ಸ್ಕೋರ್ ಎದುರಿಗಿಟ್ಟುಕೊಂಡು ಕೇಳು. ಗಣಿಯ ಕತ್ತಲಲ್ಲಿ ತಡವರಿಸುವ ಹೆಜ್ಜೆಗಳನ್ನು ಕೆಳಸ್ಥಾಯಿಯ ಹಿತ್ತಾಳೆ ವಾದ್ಯಗಳು, ಪಿಯಾನೊ ಮತ್ತು ತಾಳವಾದ್ಯಗಳು ಒಂದೇ ಲಯದಲ್ಲಿ, ಬೇಸರ ಬರುವಷ್ಟು ಹೊತ್ತು ಎಳೆಯುತ್ತವೆ. ಆ ಬೇಸರ ಕಾದಂಬರಿಯಲ್ಲೂ ಇದೆ. ಆ ಮಾಂತ್ರಿಕನು ಸೇತುವೆಯಿಂದ ಪಾತಾಳಕ್ಕೆ ಬಿದ್ದ ಮೇಲೆ ಉಳಿದವರು ಕಾಲೆಳೆಯುತ್ತ ಮುಂದೆ ನಡೆಯುವುದಕ್ಕೆ ಒಂದು ಶವಯಾತ್ರೆಯ ನಡೆಯನ್ನೇ ಬರೆದರು. ಇಡೀ ಸಿಂಫನಿ ಮುಗಿಯುವುದು ಸದ್ದಡಗಿ, ಸಮಾಧಾನದಲ್ಲಿ, ಏಕೆಂದರೆ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಹಡಗೊಂದು ದಡ ಬಿಟ್ಟು ಹೋಗುತ್ತದೆ. ಸುಮಾರು 42 ನಿಮಿಷ ನುಡಿಸಿದ ಬ್ಯಾಂಡನ್ನು ಅಬ್ಬರವಿಲ್ಲದೆ ನಿಲ್ಲಿಸುವುದಕ್ಕೆ ಎದೆಗಾರಿಕೆ ಬೇಕು.

ಅದನ್ನು ನಮ್ಮ ಹಳ್ಳಿಯ ಹಾರ್ಮೊನಿಯಲ್ಲಿ, ಇಲ್ಲಿ ಇಂಥ ಮೇಳವನ್ನು ಹಾಗೆನ್ನುತ್ತಾರೆ, ನಾವೂ ನುಡಿಸಿದ್ದೇವೆ. ಗೊಲಮ್‌ನ ಭಾಗದಲ್ಲಿ ಮುಂದೆ ನಿಲ್ಲುವುದು ಸೊಪ್ರಾನೊ ಸ್ಯಾಕ್ಸೊಫೋನ್. ಅದನ್ನು ನುಡಿಸಿದವನು ಬೆಳಿಗ್ಗೆ ಟಪಾಲು ಹಂಚುವ ಅಂಚೆಯವ. ಅವನ ಪಾಲಿನ ಸ್ವರಹಾಳೆಯ ಅಂಚಿನ ತುಂಬ ಪೆನ್ಸಿಲ್ ಬರಹವಿತ್ತು. ಬೆರಳಿಡುವ ಕ್ರಮದ ಗುರುತುಗಳಿರಬೇಕೆಂದು ಬಗ್ಗಿ ನೋಡಿದರೆ, ಡಚ್ ಅನುವಾದದಿಂದ ಇಳಿಸಿಕೊಂಡ ಗೊಲಮ್‌ನ ಮಾತುಗಳು, ಎಲ್ಲೆಲ್ಲಿ ಅವನು ಗೊಣಗುತ್ತಾನೋ ಅಲ್ಲಲ್ಲಿ. ನುಡಿಸುವವನೇ ಅಷ್ಟು ಓದಿದ್ದ, ಬರೆಯುವವಳು ನೀನು.

ನನ್ನ ಸಿಟ್ಟಿನ ಬೇರು ಬೇರೆಡೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೂವತ್ತರ ಹರೆಯದಲ್ಲಿ ನಾನೂ ಒಂದು ಕಾದಂಬರಿಯ ಬೆನ್ನು ಹತ್ತಿ ಹನ್ನೆರಡು ನಿಮಿಷದ ಕೃತಿ ಬರೆದೆ. ಅದರಲ್ಲೊಂದು ಮಾಯಾನದಿ. ಮೂರು ಟ್ರಾಂಬೋನ್, ನಾಲ್ಕು ಹಾರ್ನ್, ದೊಡ್ಡ ಜಾಗಟೆಯಂಥ ಒಂದು ಟ್ಯಾಮ್‌ಟ್ಯಾಮ್ ಸೇರಿ ಫೋರ್ಟಿಸಿಮೊದಲ್ಲಿ, ಬಲು ಗಟ್ಟಿ ಸದ್ದಿನಲ್ಲಿ, ಹರಿಯುತ್ತಿತ್ತು ಅದು. ಸಭಾಭವನದ ಕಿಟಕಿ ಗಾಜು ನಡುಗುತ್ತಿತ್ತು. ಒಂದು ಸ್ಪರ್ಧೆಯ ತೀರ್ಪುಗಾರರು ಚೀಟಿಯಲ್ಲಿ ‘ವರ್ಣಮಯ’ ಎಂದು ಒಂದೇ ಪದ ಬರೆದಿದ್ದರು. ಆ ಚೀಟಿಯನ್ನು ಹತ್ತು ವರ್ಷ ಕ್ಲಾರಿನೆಟ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಮುಂದೊಮ್ಮೆ ರೈಲಿನಲ್ಲಿ ಹೊತ್ತು ಕಳೆಯಲೆಂದು ಅದೇ ಕಾದಂಬರಿ ತೆರೆದರೆ, ಆ ನದಿ ಸದ್ದೇ ಮಾಡುವುದಿಲ್ಲ. ದೋಣಿಯವನು ಹುಟ್ಟುಗಳಿಗೆ ಬಟ್ಟೆ ಸುತ್ತುತ್ತಾನೆ. ದಾಟುವವರು ಕೆಮ್ಮು ತಡೆಯಲು ಸೆರಗು ಕಚ್ಚುತ್ತಾರೆ. ಆ ಪುಟವನ್ನು ನಾನು ಮೊದಲೂ ಓದಿದ್ದೆ. ಓದಿದ್ದೆ ಎಂದರೆ, ಕಣ್ಣು ಹಾಯಿಸಿದ್ದೆ. ಬ್ಯಾಂಡಿನ ಐವತ್ತು ಮಂದಿಯಲ್ಲಿ ಆ ಪುಸ್ತಕ ಓದಿದವರು ಯಾರೂ ಇರಲಿಲ್ಲವಾದ್ದರಿಂದ ನನ್ನ ಕಳ್ಳತನ ಸಿಕ್ಕಿಬೀಳಲಿಲ್ಲ. ಇನ್ನೂ ಒಂದು ಹೊಟ್ಟೆಯುರಿ ಇದೆ. ಆ ಕೃತಿಯಲ್ಲಿ ನಾಲ್ಕು ಬಾರ್‌ಗಳ, ಅಂದರೆ ತಾಳದ ನಾಲ್ಕು ಆವರ್ತಗಳ, ಮೌನವಿತ್ತು, ನಾನು ಅರಿಯದೆಯೇ ಕಾದಂಬರಿಗೆ ಹತ್ತಿರ ಬಂದ ಜಾಗ ಅದೊಂದೇ. ‘ಜನ ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ’ ಎಂದು ಬ್ಯಾಂಡ್ ಮಾಸ್ತರರು ಅದನ್ನು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದರು. ಹಿಂದಿನ ವಾರ ನನ್ನನ್ನು ಹೊಗಳಿದ್ದವರು. ನಾನು ನಗುತ್ತ ತಲೆಯಾಡಿಸಿದೆ.

ವಯಲಿನ್‌ಗಳಿದ್ದಿದ್ದರೆ ಈ ಕಾದಂಬರಿಗೆ ನ್ಯಾಯ ಸಿಗುತ್ತಿತ್ತು ಎಂದೂ ಬರೆದಿದ್ದೀಯ. ಆ ಸಾಲಿಗೆ ನಿನ್ನ ಕಿವಿ ಹಿಂಡಬೇಕು. ಕಮಾನಿಗೆ ಉಸಿರು ಬೇಕಿಲ್ಲ, ಬ್ಯಾಂಡಿನಲ್ಲಿ ತಾಳವಾದ್ಯದವರನ್ನು ಬಿಟ್ಟರೆ ಮಿಕ್ಕವರೆಲ್ಲ ಉಸಿರಾಡಿಯೇ ನುಡಿಸಬೇಕು. ವಾಕ್ಯವನ್ನು ಗಟ್ಟಿಯಾಗಿ ಓದುವವರೂ ಹಾಗೆಯೇ. ಸಂಗೀತ ರಚನೆಕಾರ ಪರ್ಸಿ ಗ್ರೇಂಜರ್ ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ಹಳ್ಳಿಯ ಹಾಡುಗಾರರನ್ನು ಫೋನೋಗ್ರಾಫಿಗೆ ಹಾಡಿಸಿ, 1937ರಲ್ಲಿ ಆ ಹಾಡುಗಳನ್ನು ಬ್ಯಾಂಡ್‌ಗೆ ಬರೆದಾಗ, ಒಬ್ಬೊಬ್ಬರೂ ಎಲ್ಲಿ ಎಳೆದರೋ ಎಲ್ಲಿ ತಾಳ ತಪ್ಪಿದರೋ ಅದನ್ನೂ ಸ್ವರಲಿಪಿಯಲ್ಲಿ ಉಳಿಸಿದರು. ನುಡಿಸುವವರಿಗೆ ಪ್ರಾಣಸಂಕಟ, ಆದರೆ ಹಾಡಿದವರ ಉಸಿರು ಕೇಳುತ್ತದೆ. ನಿನ್ನ ಕಾದಂಬರಿಕಾರರಿಗೂ ಒಂದು ಉಸಿರಿದೆ. ಒಂದು ಅಧ್ಯಾಯವನ್ನು ಬಾಯಿಬಿಟ್ಟು ಓದು, ನಿನಗೆ ಉಸಿರು ಎಲ್ಲಿ ಕಟ್ಟುತ್ತದೆ ಎಂದು ಪುಟದಲ್ಲೇ ಗುರುತು ಹಾಕು.

ಇಷ್ಟೆಲ್ಲ ಬೈದ ಮೇಲೆ, ಐದನೆಯ ಭಾಗದ ನಡುವೆ ಬರುವ ಆ ಒಂಬತ್ತು ಬಾರ್‌ಗಳ ಮಾತು. ಎರಡನೆಯ ಕ್ಲಾರಿನೆಟ್‌ಗಳು ತಮ್ಮ ಕೆಳಗಿನ ಸ್ಥಾಯಿಯಲ್ಲಿ, ಮರದ ಪೆಟ್ಟಿಗೆಯೊಳಗಿಂದ ಬಂದಂಥ ದನಿಯಲ್ಲಿ, ಮೂರೇ ಸ್ವರಗಳ ನಡುವೆ ತಿರುಗುತ್ತವೆ; ಮೇಲೊಂದು ಬಸೂನ್ ಬರುತ್ತದೆ, ಏನನ್ನೋ ಹೇಳಹೊರಟು ನಿಲ್ಲುತ್ತದೆ. ಅಜ್ಜಿ ಬೀಗದ ಕೈ ಕೊಡುವ ದೃಶ್ಯ ಎಂದು ಟಿಪ್ಪಣಿಯಲ್ಲಿ ಬರೆದಿದ್ದೀಯ. ಅಲ್ಲಿ ಯಾವ ಪರದೆಯ ನೆರಳೂ ಇಲ್ಲ. ನೆನ್ನೆ ರಾತ್ರಿ ಅದನ್ನು ನನ್ನ ಹಳೆಯ ಕ್ಲಾರಿನೆಟ್‌ನಲ್ಲಿ ನುಡಿಸಿ ನೋಡಿದೆ, ಮತ್ತೆ ನುಡಿಸಿದೆ. ಐದನೆಯ ಬಾರ್‌ನ ಕೊನೆಯಲ್ಲಿ ಉಸಿರಿನ ಗುರುತು ಹಾಕಿಲ್ಲ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ ತಿಳಿಯಲಿಲ್ಲ. ಬೇಕೆಂದೇ ಬಿಟ್ಟಿದ್ದರೆ ಹಾಗೇ ಇರಲಿ.

ಆ ಕಾದಂಬರಿಯನ್ನು ನಾನು ಓದಿಲ್ಲ. ಇಲ್ಲಿಯ ಗ್ರಂಥಾಲಯಕ್ಕೆ ಹೇಳಿಟ್ಟಿದ್ದೇನೆ, ಗುರುವಾರ ಬರುತ್ತದಂತೆ. ಅಜ್ಜಿ ಯಾವ ಪುಟದಲ್ಲಿದ್ದಾಳೆ ಎಂದು ಬರೆದು ತಿಳಿಸು, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನನ್ನ ಮುಂದಿನ ಪತ್ರ ಬರುವವರೆಗೆ ಟ್ರಾಂಬೋನ್‌ಗಳನ್ನು ಮುಟ್ಟಬೇಡ.

ಇಂತಿ ನಿನ್ನ ಅಪ್ಪನ ಹಳೆಯ ಗೆಳೆಯ